ಸತ್ಯವೇದ ವ್ಯಾಖ್ಯಾನಗಳನ್ನು ಕಪಾಟಿನಲ್ಲಿ ಯಾವ ಕ್ರಮದಲ್ಲಿಡುವುದು?

ಬಲ್ಮಠ_ಓದುಗ:
ಮಂಗಳೂರಿನ ನಮ್ಮ ಸಭೆಯ ಗ್ರಂಥಾಲಯದಲ್ಲಿ ಸುಮಾರು 300 ವ್ಯಾಖ್ಯಾನ ಗ್ರಂಥಗಳು ಉಂಟು. ಕನ್ನಡ, ಇಂಗ್ಲಿಷ್, ಕೆಲವು ಹಳೆಯ ಜರ್ಮನ್. ಈಗಿರುವುದು ಲೇಖಕರ ಅಕ್ಷರಕ್ರಮ. ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಏನೇನುಂಟು ಅಂತ ಕೇಳಿದರೆ ಎಲ್ಲ ಕಪಾಟು ತಡಕಬೇಕು. ಪಾಂಡಿತ್ಯದ್ದು, ಪ್ರಸಂಗದ್ದು, ಧ್ಯಾನದ್ದು ಅಂತ ಬಗೆಯ ಪ್ರಕಾರ ಇಡುವುದೋ, ಸತ್ಯವೇದದ ಪುಸ್ತಕಗಳ ಪ್ರಕಾರವೋ? ಹಲವು ಸಂಪುಟಗಳ ಸೆಟ್ ಒಡೆದು ಬೇರೆ ಬೇರೆ ಕಡೆ ಇಡಬಹುದಾ?

ಕಪಾಟು_ಕೆಲಸ:
ಮೊದಲು ಪುಸ್ತಕ, ಆಮೇಲೆ ಬಗೆ. ಉಲ್ಟಾ ಮಾಡಿದರೆ ರೋಮಾಪುರ ಪುನಃ ಮೂರು ಕಡೆ ಚದರುತ್ತದೆ. ಗ್ರಂಥಾಲಯಗಳಲ್ಲಿ ವಿಷಯದ ಪ್ರಕಾರ ಪುಸ್ತಕಕ್ಕೆ ಕೊಡುವ ಡ್ಯೂಯಿ ಅಂಕೆ ಸಾಕು. ಇಡೀ ಸತ್ಯವೇದದ ವ್ಯಾಖ್ಯಾನಕ್ಕೆ 220.7. ಬಿಡಿ ಪುಸ್ತಕವಾದರೆ ಅದರ ಅಂಕೆಗೆ 07 ಸೇರಿಸಿ: ಕೀರ್ತನೆ 223.207, ಯೋಹಾನ 226.507, ರೋಮಾಪುರ 227.107. ಒಂದೇ ಸಂಪುಟದಲ್ಲಿ ಎರಡು ಪುಸ್ತಕ ಇದ್ದರೆ ಮೊದಲನೆಯದರ ಅಂಕೆ. ಮೂರೋ ಹೆಚ್ಚೋ ಪತ್ರಗಳಿದ್ದರೆ 227.07. ಪ್ರತಿ ಸಂಪುಟಕ್ಕೂ ಒಂದೊಂದೇ ಪುಸ್ತಕ ಇರುವ ಸೆಟ್ ಒಡೆಯಿರಿ, ತೊಂದರೆ ಇಲ್ಲ.

ಬಗೆ ತಿಳಿಯಲು ರಕ್ಷಾಪುಟ ನಂಬಬೇಡಿ, ಅದರಲ್ಲಿ ಎಲ್ಲವೂ ಪಂಡಿತರಿಗೂ ಪಾಮರರಿಗೂ ಆಗುವಂಥದ್ದೇ! ರೋಮಾಪುರ 3:25 ತೆರೆಯಿರಿ. ಗ್ರೀಕ್ ಲಿಪಿ, ಹಸ್ತಪ್ರತಿಗಳ ಪಾಠಾಂತರ ಇದ್ದರೆ ಪಾಂಡಿತ್ಯದ್ದು. ಮೂಲ ಪದವನ್ನು ನಮ್ಮ ಓದಿಗೆ ಸಿಗುವ ಲಿಪಿಯಲ್ಲಿ ಬರೆದು ವಾದ ಬಿಡಿಸಿದ್ದರೆ ಮಧ್ಯಮ. ವಚನ ಬಿಟ್ಟು ದೃಷ್ಟಾಂತ, ಅನ್ವಯಕ್ಕೆ ಹೊರಟರೆ ಪ್ರಸಂಗದ್ದು. ಅರ್ಧ ಪುಟದಲ್ಲಿ ಪ್ರಾರ್ಥನೆಗೆ ಮುಟ್ಟಿದರೆ ಧ್ಯಾನದ್ದು. ಬೆನ್ನಿಗೆ ನಾಲ್ಕು ಬಣ್ಣದ ಚುಕ್ಕೆ ಹಚ್ಚಿ. ಸಭೆ, ಪಂಗಡದ ಹೆಸರಲ್ಲಿ ಕಪಾಟು ಬೇಡ, ಅದು ರಿಜಿಸ್ಟರಿನಲ್ಲಿರಲಿ.

ಜೆಪ್ಪು_ವಾಚಕಿ:
ಹಳೆಯ ಕಥೋಲಿಕ ವ್ಯಾಖ್ಯಾನಗಳಿದ್ದರೆ ಕೀರ್ತನೆಯ ಸಂಖ್ಯೆ ಗಮನಿಸಿ. ಸತ್ಯವೇದದ ಹಳೆಯ ಲತೀನ್ ಅನುವಾದವಾದ ವುಲ್ಗಾತ ಅನುಸರಿಸಿದವುಗಳಲ್ಲಿ 9 ಮತ್ತು 10 ಸೇರಿ ಒಂದೇ ಕೀರ್ತನೆ, ಹಾಗಾಗಿ ಕುರುಬನ ಕೀರ್ತನೆ 23 ಅಲ್ಲ, 22. ಮೊದಲ 8, ಕೊನೆಯ 3 ಮಾತ್ರ ಎರಡರಲ್ಲೂ ಒಂದೇ. ಬೆನ್ನಿನ ಮೇಲಿನ ಸಂಖ್ಯೆ ನಂಬಿ ಸಂಪುಟ ತೆಗೆದವರಿಗೆ ಬೇಕಾದ ಕೀರ್ತನೆ ಪಕ್ಕದ ಸಂಪುಟದಲ್ಲಿರಬಹುದು. ಒಳಪುಟದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಡಿ. ತೋಬಿತ, ಯೂದಿತ, ಮಕ್ಕಬಿಯರು ಮುಂತಾದವು ಡ್ಯೂಯಿಯಲ್ಲಿ 229ಕ್ಕೆ ಹೋಗುತ್ತವೆ. ಇವೂ ಸೇರಿದ 73 ಪುಸ್ತಕಗಳ ಕಥೋಲಿಕ ಸತ್ಯವೇದ ಓದುವವರು ಹಳೆಯ ಒಡಂಬಡಿಕೆಯ ನಡುವೆ ಹುಡುಕುತ್ತಾರೆ, ಅಲ್ಲೊಂದು ಸೂಚನಾ ಚೀಟಿ ಬೇಕು.

ಉಡುಪಿ_ಗ್ರಂಥಪಾಲ:
ಎಲ್ಲ ಸೆಟ್ ಒಡೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಮಾರಾಯ್ರೇ. ಇಡೀ ಸತ್ಯವೇದಕ್ಕೆ ಮ್ಯಾಥ್ಯೂ ಹೆನ್ರಿ ಇಂಗ್ಲಿಷಿನಲ್ಲಿ ಬರೆದ ವ್ಯಾಖ್ಯಾನದಂಥದ್ದರಲ್ಲಿ ಒಂದೊಂದು ಸಂಪುಟಕ್ಕೂ ಹಲವು ಪುಸ್ತಕ, ಅದು ಒಟ್ಟಿಗೆ 220.7ರಲ್ಲೇ ಇರಲಿ. ಆತ 1714ರಲ್ಲಿ ತೀರಿಕೊಂಡಾಗ ಮುಗಿದದ್ದು ಅಪೊಸ್ತಲರ ಕೃತ್ಯಗಳವರೆಗೆ. ಪತ್ರಗಳಿಂದ ಪ್ರಕಟನೆಯವರೆಗಿನದು ಬೇರೆಯವರು ಬರೆದದ್ದು. ರಿಜಿಸ್ಟರಿನಲ್ಲಿ ಅದನ್ನು ಬರೆಯಿರಿ.

ಮುದ್ರಣದ ವರ್ಷದ ಜೊತೆ ಮೊದಲು ಪ್ರಕಟವಾದ ವರ್ಷವೂ ಬೇಕು. ಯೆಶಾಯನ ಪುಸ್ತಕವೂ ಸೇರಿದ ಪ್ರಾಚೀನ ಹಸ್ತಪ್ರತಿಗಳಾದ ಮೃತ ಸಮುದ್ರದ ಸುರುಳಿಗಳು ಸಿಗತೊಡಗಿದ್ದು 1947ರ ಹೊತ್ತಿಗೆ. ಅದಕ್ಕೂ ಹಿಂದೆ ಬರೆದ ಯೆಶಾಯನ ವ್ಯಾಖ್ಯಾನ ಹೊಸ ರಟ್ಟಿನಲ್ಲಿ ಬಂದರೂ ಆ ಸುರುಳಿಯ ಪಾಠ ಅದರಲ್ಲಿ ಇರುವುದಿಲ್ಲ.

ಬಣ್ಣದ ಚುಕ್ಕೆಗಳ ಗಮ್ ನಮ್ಮ ಮಳೆಗಾಲಕ್ಕೆ ನಿಲ್ಲುವುದಿಲ್ಲ. ಬಗೆಯ ಹೆಸರನ್ನು ಶೀರ್ಷಿಕೆ ಪುಟದ ಹಿಂದೆ ಪೆನ್ಸಿಲಿನಲ್ಲೂ ಬರೆದಿಡಿ. ಹಳೆಯ ಜರ್ಮನ್ ಪುಸ್ತಕಗಳ ಬಟ್ಟೆ ರಟ್ಟಿಗೆ ಏನನ್ನೂ ಅಂಟಿಸಬೇಡಿ, ತೆಗೆಯುವಾಗ ಬಟ್ಟೆಯೂ ಎದ್ದು ಬರುತ್ತದೆ. ಅಂಕೆ ಬರೆದ ಕಾಗದದ ಪಟ್ಟಿಯನ್ನು ಮೇಲೆ ಕಾಣುವಂತೆ ಒಳಗೆ ಸಿಕ್ಕಿಸಿದರೆ ಸಾಕು.

ಬಲ್ಮಠ_ಓದುಗ:
ಒಂದೇ ಸಂಪುಟದಲ್ಲಿ ಇಡೀ ಸತ್ಯವೇದ ಇರುವಂಥವು?

ಕಪಾಟು_ಕೆಲಸ:
ಅಂಕೆ 220.7. ಆದರೆ ಕಪಾಟಿನಲ್ಲಿ ಬೇಡ, ಮೇಜಿನ ಮೇಲಿರಲಿ. ಮನೆಗೆ ಕೊಡಬೇಡಿ.