ಸ್ಲೀವ್ ಮಾಡಿಸಲಾ, ಬೈಪಾಸ್ ಮಾಡಿಸಲಾ? ಗದಗಿನ ಸಹೋದರಿಗೆ ಓದುಗರ ಸ್ಪಂದನ

ಗದಗ-ಬೆಟಗೇರಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆ ಹೇಳಿಕೊಂಡಿದ್ದರು. ವಯಸ್ಸು 36, ಶಾಲಾ ಶಿಕ್ಷಕಿ. ಎತ್ತರ 158 ಸೆಂ.ಮೀ., ತೂಕ 104 ಕಿಲೋ. ಎರಡನೇ ಹೆರಿಗೆಯ ನಂತರ ಶುಗರ್ ಬಂದಿದೆ, ಮಾತ್ರೆ ನಡೆದಿದೆ. ರಾತ್ರಿ ಮಲಗಿದರೆ ಎದೆಯುರಿ, ಹುಳಿ ನೀರು ಗಂಟಲಿಗೆ ಬರುತ್ತದೆ. ತೂಕ ಇಳಿಸಲು ಹುಬ್ಬಳ್ಳಿಯ ಒಬ್ಬ ವೈದ್ಯರು ಹೊಟ್ಟೆಚೀಲ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿ ಎಂದರು. ಇನ್ನೊಬ್ಬರು ಹೊಟ್ಟೆಯ ಮಿನಿ ಬೈಪಾಸ್ ಎಂದರು. ಬೆಂಗಳೂರಿನ ನಾದಿನಿ ಹೊಟ್ಟೆಯೊಳಗೆ ಬಲೂನ್ ಹಾಕಿಸಿಕೋ ಅನ್ನುತ್ತಾರೆ. ಅತ್ತೆಯವರಿಗೆ ಯಾವುದೂ ಬೇಡ. ಏನು ಮಾಡಲಿ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೊದಲು ಎದೆಯುರಿ ವಿಚಾರ ಮಾಡಿ

ತಂಗಿ, ರಾತ್ರಿ ಹುಳಿ ನೀರು ಗಂಟಲಿಗೆ ಬರುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಅದೇ ದೊಡ್ಡ ವಿಷಯವಾಗಿ ಕಂಡಿತು. ಇಬ್ಬರು ವೈದ್ಯರಿಗೂ ಅದನ್ನು ಬಿಡಿಸಿ ಹೇಳಿದ್ದೀರಾ? ಎಂಡೋಸ್ಕೋಪಿ (ಬಾಯಿಂದ ಕೊಳವೆ ಇಳಿಸಿ ಅನ್ನನಾಳ, ಹೊಟ್ಟೆ ನೋಡುವುದು) ಆಗಿದೆಯಾ? ಆಗಿರದಿದ್ದರೆ ಯಾರಿಗೂ ಇನ್ನೂ ಹೂಂ ಅನ್ನಬೇಡಿ.

ನಾನು ಬೈಪಾಸ್ ಮಾಡಿಸಿಕೊಂಡವಳು. ನನಗೂ ಮೊದಲು ಸ್ಲೀವ್ ಎಂದೇ ಮಾತಾಗಿತ್ತು. ಸ್ಲೀವ್‌ನಲ್ಲಿ ಹೊಟ್ಟೆಚೀಲದ ಮುಕ್ಕಾಲು ಪಾಲು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಬಾಳೆಹಣ್ಣಿನಂಥ ಸಪೂರ ಕೊಳವೆ ಉಳಿಯುತ್ತದೆ. ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೇ ಹೋಗುವುದರಿಂದ ಹಸಿವೂ ಇಳಿಯುತ್ತದೆ. ಕರುಳನ್ನು ಮುಟ್ಟುವುದಿಲ್ಲ, ಆಪರೇಷನ್ ಬೇಗ ಮುಗಿಯುತ್ತದೆ. ಅದಕ್ಕೇ ಜಾಸ್ತಿ ಜನ ಅದನ್ನೇ ಕೇಳುತ್ತಾರೆ. ಆದರೆ ಆ ಸಪೂರ ಕೊಳವೆಯೊಳಗೆ ಒತ್ತಡ ಜಾಸ್ತಿ. ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಮೊದಲೇ ಎದೆಯುರಿ ಇದ್ದವರಿಗೆ ಅದು ಹೆಚ್ಚಾಗಬಹುದು. ಇಲ್ಲದವರಿಗೂ ಹೊಸದಾಗಿ ಶುರುವಾಗಬಹುದು.

ಸ್ವಿಟ್ಜರ್ಲೆಂಡಿನ ವೈದ್ಯರು ಎರಡೂ ಆಪರೇಷನ್‌ಗಳನ್ನು ಐದು ವರ್ಷ ಹೋಲಿಸಿ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎದೆಯುರಿ ಹೆಚ್ಚಾದವರು ಮಾತ್ರ ಸ್ಲೀವ್ ಕಡೆ ನೂರಕ್ಕೆ ಸುಮಾರು 32, ಬೈಪಾಸ್ ಕಡೆ ಸುಮಾರು 6. ನನ್ನ ವೈದ್ಯರು ಈ ಅಂಕಿಯನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ನಾನು ಗಟ್ಟಿ ಮನಸ್ಸು ಮಾಡಿದೆ.

ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಹಾಗಾಗಿ ಆಸಿಡ್ ಗಂಟಲಿಗೆ ಬರುವುದು ಬಹಳ ಕಡಿಮೆ. ಈಗ ನಾನು ಒಂದೇ ದಿಂಬಿನ ಮೇಲೆ ತಲೆಯಿಟ್ಟು ರಾತ್ರಿಯೆಲ್ಲ ಮಲಗುತ್ತೇನೆ. ಎಷ್ಟೋ ವರ್ಷ ಗೋಡೆಗೆ ಒರಗಿ ನಿದ್ದೆ ಮಾಡಿದವರಿಗೆ ಇದರ ಬೆಲೆ ಗೊತ್ತು.

ಇದಕ್ಕೆ ಕೊಡಬೇಕಾದ್ದನ್ನೂ ಹೇಳಿಬಿಡುತ್ತೇನೆ. ಕಬ್ಬಿಣ, ಕ್ಯಾಲ್ಸಿಯಂ, ಬಿ12, ವಿಟಮಿನ್ ಡಿ ಜೀವನಪೂರ್ತಿ ತೆಗೆದುಕೊಳ್ಳಬೇಕು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಹಾಗಿಲ್ಲ. ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಮನೆಯಲ್ಲಿ ಯಾರಾದರೂ ಮರೆತು ಕೊಟ್ಟಾರು ಎಂದು ನಾನು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೇನೆ. ಇನ್ನು ಸಿಹಿ. ಧಾರವಾಡದಿಂದ ನೆಂಟರು ಬಂದರೆ ಪೇಢಾ ತರದೇ ಇರುತ್ತಾರಾ? ಆಪರೇಷನ್ ಆದ ವರ್ಷ ಒಂದು ಇಡೀ ಪೇಢಾ ತಿಂದೆ. ಸ್ವಲ್ಪ ಹೊತ್ತಿಗೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ನುಲಿತ. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತದೆ. ವೈದ್ಯರು ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಎಲ್ಲರಿಗೂ ಆಗುವುದಿಲ್ಲ, ಆದವರಿಗೆ ಪಾಠವಾಗುತ್ತದೆ.

ನಿಮಗೆ ಶುಗರ್ ಬೇರೆ ಇದೆ. ಬೈಪಾಸ್ ಆದ ಮೇಲೆ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಇಳಿಯಲು ಶುರುವಾಗುತ್ತದೆ. ಕರುಳಿನ ಹಾರ್ಮೋನುಗಳು ಬದಲಾಗುವುದು ಅದಕ್ಕೆ ಕಾರಣ. ಸ್ಲೀವ್‌ನಲ್ಲೂ ಇಳಿಯುತ್ತದೆ. ಕಾಯಿಲೆ ಹೊಸದಿದ್ದಷ್ಟು, ಇನ್ನೂ ಇನ್ಸುಲಿನ್ ಶುರುವಾಗಿರದಿದ್ದಷ್ಟು ಫಲ ಜಾಸ್ತಿ. ಹಾಗಾಗಿ ಇನ್ನೂ ಹತ್ತು ವರ್ಷ ನೋಡೋಣ ಅಂತ ತಳ್ಳಬೇಡಿ.

– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಮಿನಿ ಬೈಪಾಸ್, ಬಲೂನ್ ಬಗ್ಗೆ ನಾಲ್ಕು ಮಾತು

ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ನಾನು ವೈದ್ಯೆಯಲ್ಲ. ನಿರ್ಧಾರ ನಿಮ್ಮ ಸರ್ಜನ್ ಜೊತೆ ಕೂತು ಮಾಡಬೇಕು. ಆದರೆ ಏನು ಕೇಳಬೇಕು ಎಂದು ಹೇಳಬಲ್ಲೆ.

ಮಾಮೂಲಿ ಬೈಪಾಸ್‌ನಲ್ಲಿ ಎರಡು ಕಡೆ ಜೋಡಣೆ ಇರುತ್ತದೆ. ಮಿನಿಯಲ್ಲಿ ಒಂದೇ. ಅಮೆರಿಕದ ಸರ್ಜನ್ ರಾಬರ್ಟ್ ರುಟ್ಲೆಜ್ 1997ರಲ್ಲಿ ಇದನ್ನು ಶುರುಮಾಡಿದರು. ನಮ್ಮ ದೇಶದಲ್ಲಿ ಬಹಳ ಕಡೆ ಮಾಡುತ್ತಾರೆ. ಸಮಯ ಕಡಿಮೆ ಸಾಕು, ತೂಕವೂ ಶುಗರೂ ಚೆನ್ನಾಗಿ ಇಳಿಯುತ್ತವೆ. ತೊಂದರೆ ಎಂದರೆ ಕೆಲವರಿಗೆ ಪಿತ್ತರಸ ಹಿಂದಕ್ಕೆ ಬಂದು ಚೀಲದಲ್ಲಿ ಉರಿ ಹುಟ್ಟಿಸುತ್ತದೆ. ಕರುಳನ್ನು ಜಾಸ್ತಿ ಉದ್ದ ಬಿಟ್ಟು ಜೋಡಿಸಿದರೆ ಪ್ರೋಟೀನ್, ವಿಟಮಿನ್ ಕೊರತೆಯೂ ಹೆಚ್ಚು. ಆದ್ದರಿಂದ ಎರಡನೇ ವೈದ್ಯರನ್ನು ಹೀಗೆ ಕೇಳಿ: "ನನಗೆ ಮೊದಲೇ ಎದೆಯುರಿ ಇದೆ, ಮಾಮೂಲಿ ಬೈಪಾಸ್ ಬಿಟ್ಟು ಮಿನಿ ಯಾಕೆ?" ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕೆಳತುದಿ ಬಹಳ ದಿನದ ಆಸಿಡ್‌ನಿಂದ ಕೆಟ್ಟಿರುವುದು ಕಂಡರೆ, ಅಥವಾ ದೊಡ್ಡ ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಗೂಡಿನೊಳಗೆ ಸರಿಯುವುದು) ಇದ್ದರೆ ಆಯ್ಕೆಯೇ ಬದಲಾಗಬಹುದು. ಹರ್ನಿಯಾ ದೊಡ್ಡದಿದ್ದರೆ ಬಲೂನನ್ನೂ ಹಾಕುವುದಿಲ್ಲ. ಬಲೂನ್ ಹೇಗೂ ತಾತ್ಕಾಲಿಕ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ. ತೆಗೆದ ಮೇಲೆ ಬಹಳ ಜನರ ತೂಕ ಮತ್ತೆ ಏರುತ್ತದೆ. ನಾದಿನಿಯವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ನಿಮ್ಮ ತೂಕ, ಶುಗರ್ ಎರಡಕ್ಕೂ ಅದು ಸಾಲುವುದಿಲ್ಲ ಎಂದು ನನ್ನ ಅನಿಸಿಕೆ. ಹೊಟ್ಟೆಚೀಲದ ಮೇಲ್ಭಾಗಕ್ಕೆ ಬ್ಯಾಂಡ್ ಹಾಕುವ ಪದ್ಧತಿಯೂ ಒಂದಿತ್ತು. ಅದು ಜಾರುವುದು, ಒಳಗೆ ಕೊರೆಯುವುದು ಎಲ್ಲ ಆಗಿ ಈಗ ಹಿಂದೆ ಬಿದ್ದಿದೆ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ಯಾವ ಆಪರೇಷನ್ ಆದರೂ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ತೂಕ ಇಳಿದಂತೆ ಮುಟ್ಟು ಸರಿಯಾಗಿ, ನಿರೀಕ್ಷೆ ಇಲ್ಲದೆ ದಿನ ನಿಲ್ಲುವುದುಂಟು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆಯನ್ನು ನಂಬುವ ಹಾಗಿಲ್ಲ. ಮೊದಲೇ ಸ್ತ್ರೀರೋಗ ವೈದ್ಯರ ಹತ್ತಿರ ಬೇರೆ ದಾರಿ ಮಾತಾಡಿ. ಇದನ್ನು ಕೇಳಲು ನಾಚಿಕೊಂಡು ಕಷ್ಟಪಟ್ಟವರನ್ನು ನಾನು ನೋಡಿದ್ದೇನೆ.

– ನಿವೃತ್ತ ನರ್ಸ್, ಧಾರವಾಡ

ನಮ್ಮ ಮನೆಯವರಿಗೆ ಸ್ಲೀವ್ ಚೆನ್ನಾಗಿಯೇ ಆಗಿದೆ

ಅಕ್ಕಾರೆ, ಸ್ಲೀವ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನನ್ನ ಹೆಂಡತಿಗೆ ಅದೇ ಆಗಿದ್ದು. ಆಕೆಗೆ ಎದೆಯುರಿ ಇರಲಿಲ್ಲ, ಶುಗರ್ ಇರಲಿಲ್ಲ. ಮೊಣಕಾಲು ನೋವು ಮತ್ತು ಉಸಿರುಗಟ್ಟುವ ಗೊರಕೆ ಇತ್ತು. ಈಗ ಎರಡೂ ಇಲ್ಲ. ಹಾಗಾಗಿ ಸ್ಲೀವ್ ಕೆಟ್ಟದ್ದು ಅಂತಲ್ಲ, ಯಾರ ಹೊಟ್ಟೆಗೆ ಯಾವುದು ಅಂತ ನೋಡಬೇಕು ಅಷ್ಟೇ. ಮುಂದೆ ಎದೆಯುರಿ ಶುರುವಾದರೆ ಸ್ಲೀವನ್ನು ಬೈಪಾಸ್ ಮಾಡಬಹುದು ಎಂದು ನಮ್ಮ ವೈದ್ಯರು ಹೇಳಿದ್ದಾರೆ. ಆದರೆ ಅದು ಎರಡನೇ ಆಪರೇಷನ್.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ನಮ್ಮ ಅವ್ವನೂ ಹಾಗೇ ಅಂದಿದ್ದಳು. "ಬಾಯಿ ಕಟ್ಟಿದರ ಆತು, ಹೊಟ್ಟಿ ಯಾಕ ಕೊಯ್ಸಕೋಬೇಕು?" ಅವಳ ಜೊತೆ ವಾದ ಮಾಡಲಿಲ್ಲ. ವೈದ್ಯರ ಹತ್ತಿರ ಅವಳನ್ನೇ ಕರೆದುಕೊಂಡು ಹೋದೆವು. ಅವಳ ಭಯ ಒಂದೇ ಆಗಿತ್ತು, ಸೊಸೆ ಸತ್ತರೆ ಮೊಮ್ಮಕ್ಕಳ ಗತಿ ಏನು ಅಂತ. ಅವಳೇ ಕೇಳಿದಳು. ದೂರ್ಬೀನಿನ ಆಪರೇಷನ್, ಪಿತ್ತಕೋಶ ತೆಗೆಯುವ ಆಪರೇಷನ್‌ನಷ್ಟೇ ಅಪಾಯ, ಹೊಲಿಗೆಯ ಜಾಗದಿಂದ ಸೋರಿಕೆ, ರಕ್ತ ಹೆಪ್ಪುಗಟ್ಟುವುದು ಅಪರೂಪಕ್ಕೆ ಆಗಬಹುದು ಎಂದು ವೈದ್ಯರು ಮುಚ್ಚಿಡದೆ ಹೇಳಿದರು. ಮುಚ್ಚಿಡದಿದ್ದಕ್ಕೇ ಅವ್ವನಿಗೆ ನಂಬಿಕೆ ಬಂತು. ಆಮೇಲೆ ಅಡುಗೆಮನೆ ಪೂರ್ತಿ ಅವಳೇ ವಹಿಸಿಕೊಂಡಳು.

ಅಡುಗೆಮನೆಯೇ ದೊಡ್ಡ ಕೆಲಸ. ಆಪರೇಷನ್‌ಗೆ ಮೊದಲೇ ಎರಡು ವಾರ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ಯಕೃತ್ತಿನ ಕೊಬ್ಬು ಇಳಿಸುತ್ತಾರೆ. ಆದ ಮೇಲೆ ಮೊದಲು ತಿಳಿನೀರು, ಮಜ್ಜಿಗೆ, ಬೇಳೆಕಟ್ಟು. ಆಮೇಲೆ ಕಿವುಚಿದ್ದು, ಆಮೇಲೆ ಮೆತ್ತಗಿನದು. ಜೋಳದ ರೊಟ್ಟಿ ಬಹಳ ದಿನ ಇಲ್ಲ. ಕಟಕ ರೊಟ್ಟಿಯಂತೂ ಹೆಸರೆತ್ತುವ ಹಾಗಿಲ್ಲ. ಅನ್ನ, ಬ್ರೆಡ್ಡು ಸಿಕ್ಕಿಕೊಂಡಂತೆ ಆಗುತ್ತವೆ ಎಂದು ಆಕೆ ಹೇಳುತ್ತಿದ್ದಳು. ದಿನಕ್ಕೆ 60 ಗ್ರಾಂಗಿಂತ ಕಡಿಮೆ ಇಲ್ಲದಂತೆ ಪ್ರೋಟೀನ್ ಹೋಗಬೇಕು. ನಾವು ಸಸ್ಯಾಹಾರಿಗಳು. ಹೆಸರುಕಾಳು, ಮಡಿಕೆಕಾಳು, ಗಟ್ಟಿ ಮೊಸರು, ಪನೀರು, ಜೊತೆಗೆ ಪ್ರೋಟೀನ್ ಪುಡಿ. ಮೊದಲು ಉಸಳಿ, ಜಾಗ ಉಳಿದರೆ ಅನ್ನ. ಊಟದ ನಡುವೆ ನೀರು ಕುಡಿಯಬಾರದು. ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನಮ್ಮ ಕಡೆ ತಾಟಿನ ಪಕ್ಕ ತಂಬಿಗೆ ಇಡುವುದು ರೂಢಿ, ಅದನ್ನು ಬಿಡಿಸುವುದೇ ಕಷ್ಟವಾಯಿತು.

ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರತೊಡಗಿತು. ಆಕೆ ಬಹಳ ಅತ್ತಳು. ಆಮೇಲೆ ಮತ್ತೆ ಬಂತು. ಇದನ್ನು ಮೊದಲೇ ತಿಳಿದಿದ್ದರೆ ಅಷ್ಟು ಅಳುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

– ಓದುಗರು, ರಾಣೆಬೆನ್ನೂರು

ಇಂಜೆಕ್ಷನ್ ಬಗ್ಗೆಯೂ ಕೇಳಿ

ನಾನು ಹಾವೇರಿಯಲ್ಲಿ ಔಷಧ ಅಂಗಡಿ ನಡೆಸುತ್ತೇನೆ. 2025ರಲ್ಲಿ ನಮ್ಮ ದೇಶಕ್ಕೆ ಮೌಂಜಾರೋ, ವೆಗೋವಿ ಬಂದ ಮೇಲೆ ವಿಚಾರಿಸಿಕೊಂಡು ಬರುವವರು ಹೆಚ್ಚಿದ್ದಾರೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್. ಹಸಿವು ಇಳಿಯುತ್ತದೆ, ಶುಗರ್ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಮೇಡಂ, ಆಪರೇಷನ್‌ಗೆ ಮೊದಲು ಶುಗರ್ ವೈದ್ಯರ ಹತ್ತಿರ ಇದನ್ನೂ ಒಮ್ಮೆ ಕೇಳಿ ಎನ್ನುವುದು ನನ್ನ ಸಲಹೆ. ಆದರೆ ಇದು ತಿಂಗಳು ತಿಂಗಳು ಖರ್ಚು. ವೆಗೋವಿ ಔಷಧ ಬಿಟ್ಟವರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿದೆ. ನಿಮ್ಮಷ್ಟು ತೂಕ ಇದ್ದವರಿಗೆ ಆಪರೇಷನ್ನೇ ಜಾಸ್ತಿ ಇಳಿಸುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಚೀಟಿ ಇಲ್ಲದೆ ಮಾತ್ರ ಎಲ್ಲಿಯೂ ಕೊಳ್ಳಬೇಡಿ.

– ಓದುಗರು, ಹಾವೇರಿ

ವಿಮೆ ಇದ್ದರೆ ಈ ಕಾಗದ ಇಟ್ಟುಕೊಳ್ಳಿ

ಯಜಮಾನರ ಕಚೇರಿಯ ವಿಮೆ ಇದ್ದರೆ ಮೊದಲು ಪಾಲಿಸಿ ತೆಗೆದು ಓದಿ. ಸಾಮಾನ್ಯ ಆರೋಗ್ಯ ಪಾಲಿಸಿಗಳಲ್ಲಿ ಬೊಜ್ಜಿನ ಆಪರೇಷನ್‌ಗೆ ಹಣ ಸಿಗಬೇಕಾದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ಅಥವಾ ಹೆಚ್ಚು ಇರಬೇಕು. ಇಲ್ಲವೇ 35ರ ಜೊತೆ ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೀವ್ರ ಸ್ಲೀಪ್ ಅಪ್ನಿಯಾದಂಥ ತೊಂದರೆ ಇದ್ದು, ಬೇರೆ ಪ್ರಯತ್ನಗಳು ಫಲ ಕೊಟ್ಟಿರಬಾರದು. 18 ವರ್ಷ ತುಂಬಿರಬೇಕು, ವೈದ್ಯರ ಸಲಹೆ ಇರಬೇಕು. ನೀವು ಬರೆದ ಎತ್ತರ, ತೂಕದ ಲೆಕ್ಕಕ್ಕೆ ಬಿಎಂಐ 41ರ ಮೇಲೆ ಬರುತ್ತದೆ. ಡಯಟ್ ಮಾಡಿದ ದಾಖಲೆ, ಹಳೆಯ ತೂಕದ ಚೀಟಿ, ಶುಗರ್ ರಿಪೋರ್ಟು ಯಾವುದನ್ನೂ ಎಸೆಯಬೇಡಿ. ಹೊಸ ಪಾಲಿಸಿಯಲ್ಲಿ ಕಾಯುವ ಅವಧಿ ಇರುತ್ತದೆ, ಕೇಳಿಕೊಳ್ಳಿ. ಒಂದು ಕಡೆ ನಮ್ಮ ತಂಗಿಗೆ "ಈ ತಿಂಗಳು ಮಾಡಿಸಿದರೆ ರಿಯಾಯಿತಿ" ಎಂದು ಅವಸರ ಮಾಡಿದ್ದರು. ನಾವು ಎದ್ದು ಬಂದೆವು. ಹೊಟ್ಟೆಯ ಆಪರೇಷನ್‌ಗೆ ಹಬ್ಬದ ರಿಯಾಯಿತಿ ನೋಡಿ ಹೋಗಬೇಡಿ.

– ಬ್ಯಾಂಕ್ ಉದ್ಯೋಗಿ, ಗೋಕುಲ ರಸ್ತೆ, ಹುಬ್ಬಳ್ಳಿ

ತಿರುಗಿ ಹೋಗಲು ಆಗುವ ಊರಲ್ಲೇ ಮಾಡಿಸಿ

ನನ್ನ ಗೆಳತಿ ದೂರದ ಊರಲ್ಲಿ ಬೈಪಾಸ್ ಮಾಡಿಸಿದಳು. ತೂಕ ಚೆನ್ನಾಗಿ ಇಳಿಯಿತು. ಅಷ್ಟು ದೂರ ಮತ್ತೆ ಮತ್ತೆ ಯಾರು ಹೋಗುವುದು ಎಂದು ತಪಾಸಣೆ ಬಿಟ್ಟಳು, ಮಾತ್ರೆಯನ್ನೂ ಬಿಟ್ಟಳು. ಕಾಲು ಜೋಮು ಹಿಡಿಯತೊಡಗಿತು, ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತಳ ಕಂಡಿತ್ತು, ಕಬ್ಬಿಣವೂ ಇರಲಿಲ್ಲ. ಹಾಲು, ಮೊಸರು ಬಿಟ್ಟರೆ ಸಸ್ಯಾಹಾರದಲ್ಲಿ ಬಿ12 ಸಿಗುವುದೇ ಕಡಿಮೆ. ಅದರ ಮೇಲೆ ಬೈಪಾಸ್ ಆದರೆ ಮೈಗೆ ಹತ್ತುವುದು ಇನ್ನೂ ಕಡಿಮೆ. ಇಂಜೆಕ್ಷನ್ ಕೊಟ್ಟ ಮೇಲೆ ನಿಧಾನಕ್ಕೆ ಸುಧಾರಿಸಿದಳು.

ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ರೈಲಿದೆ, ಬಸ್ಸಿದೆ, ಬೆಳಗ್ಗೆ ಹೋಗಿ ಸಂಜೆ ಶಾಲೆಯ ವಹಿ ತಿದ್ದಲು ಮನೆಗೆ ಬರಬಹುದು. ಆದ್ದರಿಂದ ಹತ್ತಿರದವರಲ್ಲೇ ಅನುಭವ ಇದ್ದವರನ್ನು ಆರಿಸಿ. ಇಂಥ ಆಪರೇಷನ್ ಎಷ್ಟು ಮಾಡಿದ್ದಾರೆ, ಜೊತೆಗೆ ಆಹಾರ ತಜ್ಞರು ಇದ್ದಾರಾ, ಮಧ್ಯರಾತ್ರಿ ತೊಂದರೆಯಾದರೆ ಫೋನ್ ಎತ್ತುವವರು ಯಾರು ಎಂದು ಮೊದಲೇ ಕೇಳಿ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಅದಕ್ಕೆ ಕೆಲವು ತಿಂಗಳ ಮಾತ್ರೆ ಕೊಡುತ್ತಾರಾ ಎಂದೂ ಕೇಳಿ.

ಒಂದನ್ನು ಮಾತ್ರ ಮನೆಯವರಿಗೆಲ್ಲ ಹೇಳಿಡಿ. ಆಪರೇಷನ್ ಆದ ವಾರಗಳಲ್ಲಿ ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಎದೆ ಬಡಿತ ಜೋರಾದರೆ, ನಡೆಯುವಾಗ ತೂರಾಡಿದಂತಾದರೆ "ಗ್ಯಾಸ್ ಇರಬೇಕು" ಎಂದು ಮನೆಮದ್ದು ಮಾಡುತ್ತ ಕೂರಬಾರದು. ವಾಂತಿ ಮುಂದುವರಿದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೆ, ಮಿದುಳಿಗೆ ಪೆಟ್ಟಾಗುತ್ತದೆ. ಜ್ವರ, ಬಡಿತ ಸೋರಿಕೆಯ ಲಕ್ಷಣ ಇರಬಹುದು. ಅದೇ ದಿನ ಆಪರೇಷನ್ ಮಾಡಿದವರ ಹತ್ತಿರ ಹೋಗಬೇಕು.

– ಉಪನ್ಯಾಸಕಿ, ಸಾಧನಕೇರಿ, ಧಾರವಾಡ