ಟೊಮೆಟೊ ಸಸಿ ಬುಡದಲ್ಲೇ ಬೀಳುತ್ತಿದೆ, ಮೆಣಸಿನ ಬೀಜ ಮೊಳೆತೇ ಇಲ್ಲ

ಮೂಡಿಗೆರೆ_ಹಿತ್ತಲು:
ನಮಸ್ಕಾರ. ಮಳೆಗಾಲ ಹಿಡಿಯೋ ಮೊದಲು ಹಿತ್ತಲಲ್ಲಿ ಒಂದು ಬೆಳೆ ತೆಗೆಯೋಣ ಅಂತ ಜನವರಿಯಲ್ಲೇ ಟೊಮೆಟೊ, ಮೆಣಸಿನಕಾಯಿ ಬೀಜ ಹಾಕಿದೆ. ಪ್ರೋ ಟ್ರೇಗೆ (ಗುಳಿಗುಳಿ ಇರೋ ಸಸಿ ತಟ್ಟೆ) ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ತುಂಬಿ ನಡುಮನೆಯಲ್ಲಿ ಇಟ್ಟಿದ್ದೇನೆ. ಹಂಚಿನ ಮನೆ, ಬೆಳಕು ಅಂದ್ರೆ ಮೇಲಿರುವ ಒಂದು ಗಾಜಿನ ಹಂಚಿಂದ ಬಂದಷ್ಟೇ. ಟೊಮೆಟೊ ಚೆನ್ನಾಗಿಯೇ ಮೊಳೆಯಿತು, ಈಗ ನೂಲಿನ ಹಾಗೆ ಉದ್ದ ಆಗಿದೆ, ಬೆಳಗ್ಗೆ ಎದ್ದು ನೋಡಿದರೆ ಒಂದಷ್ಟು ಮಲಗಿರುತ್ತವೆ. ಮೆಣಸಿನಕಾಯಿ ಒಂದೂ ಮೇಲೆ ಬಂದಿಲ್ಲ. ಎರಡು ಹೊತ್ತೂ ತಪ್ಪದೆ ನೀರು ಹಾಕುತ್ತಿದ್ದೇನೆ. ಬೀಜವೇ ಸರಿ ಇಲ್ವಾ? ಮನೆಯಲ್ಲಿ ಮೈಲುತುತ್ತು ಇದೆ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಹಾಕಲಾ?

ಬೇಲೂರಿನವಳು:
ಬೋರ್ಡೋ ಆಮೇಲೆ. ಬಿದ್ದಿರೋ ಸಸಿ ಒಂದನ್ನ ಕಿತ್ತು ಬುಡ ನೋಡಿ. ಕೋಕೋಪೀಟಿಗೆ ತಾಗುವ ಜಾಗದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಸಣ್ಣಗಾಗಿ, ಹಿಚುಕಿದರೆ ನೀರು ನೀರಾಗಿದೆಯಾ? ಅಥವಾ ಬುಡ ಗಟ್ಟಿಯಾಗಿಯೇ ಇದ್ದು ಉದ್ದ ಜಾಸ್ತಿಯಾಗಿ ವಾಲಿದೆಯಾ?

ಮೂಡಿಗೆರೆ_ಹಿತ್ತಲು:
ಎರಡೂ ಇವೆ ಅಕ್ಕ. ಟ್ರೇ ಮಧ್ಯದವು ಮೆತ್ತಗಾಗಿವೆ. ಅಂಚಿನವು ಗಟ್ಟಿ ಇವೆ, ಸುಮ್ನೆ ಬಾಗಿವೆ. ಮೇಲ್ಗಡೆ ಹಸಿರು ಪಾಚಿ ಬೇರೆ ಕಟ್ಟಿದೆ.

ಬೇಲೂರಿನವಳು:
ಪಾಚಿ ಕಟ್ಟಿದೆ ಅಂದ್ರೆ ಮೇಲ್ಮೈ ಒಣಗೋಕೇ ಬಿಡ್ತಿಲ್ಲ ಅಂತ. ಮೆತ್ತಗಾಗಿರೋದು ಸಸಿ ಕೊಳೆ ರೋಗ. ಪಿಥಿಯಂ ಥರದ ರೋಗಾಣುಗಳಿಂದ ಬರುತ್ತೆ, ತೇವ ನಿಂತು ಗಾಳಿ ಆಡದ ಕಡೆ ಬೇಗ ಹರಡುತ್ತೆ. ಆ ಸಸಿ ಉಳಿಯಲ್ಲ, ಸುತ್ತಲಿನ ಕೋಕೋಪೀಟ್ ಸಮೇತ ತೆಗೆದು ದೂರ ಬಿಸಾಡಿ, ಗೊಬ್ಬರದ ಗುಂಡಿಗೆ ಬೇಡ. ಉಳಿದದ್ದಕ್ಕೆ ಮೇಲಿಂದ ನೀರು ಚಿಮುಕಿಸೋದು ನಿಲ್ಲಿಸಿ. ತಟ್ಟೆಯಲ್ಲಿ ನೀರು ಹಾಕಿ ಟ್ರೇ ಅದರಲ್ಲಿಡಿ, ಮೇಲಿನ ತನಕ ಹೀರಿಕೊಂಡ ಮೇಲೆ ಎತ್ತಿಬಿಡಿ. ಮತ್ತೆ ನೀರು ಕೊಡೋದು ಟ್ರೇ ಕೈಗೆ ಹಗುರ ಅನ್ನಿಸಿದಾಗ ಮಾತ್ರ. ಒಂದು ಟ್ರೇಗೋಸ್ಕರ ಸುಣ್ಣ, ತುತ್ತು ಕಲಸಿಕೊಂಡು ಕೂರೋದು ಯಾಕೆ, ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ ಲೀಟರ್ ನೀರಿಗೆ 3 ಗ್ರಾಂ ಹಾಕಿ ಬುಡಕ್ಕೆ ಒಂದು ಸಲ ಕೊಟ್ಟರೆ ಸಾಕು. ಟ್ರೈಕೋಡರ್ಮಾ (ರೋಗಾಣು ತಡೆಯೋ ಒಳ್ಳೆ ಶಿಲೀಂಧ್ರ) ಮುಂದಿನ ಸಲ ಬಿತ್ತುವಾಗಲೇ ಕೋಕೋಪೀಟಿಗೆ ಬೆರೆಸಿ. ಇವೆರಡನ್ನೂ ಒಟ್ಟಿಗೆ ಹಾಕಬೇಡಿ, ತಾಮ್ರದ ಔಷಧಿ ಟ್ರೈಕೋಡರ್ಮಾಗೆ ಆಗಲ್ಲ.

ಬಾಗಿರೋ ಸಸಿಗಳಿಗೆ ಬೆಳಕಿನದೇ ಕೊರತೆ. ಅವನ್ನ ಎಸೀಬೇಡಿ. ಟೊಮೆಟೊ ಕಾಂಡ ಮಣ್ಣಿನೊಳಗೆ ಹೋದರೆ ಅಲ್ಲೂ ಬೇರು ಬಿಡುತ್ತೆ, ಅದಕ್ಕೇ ನೆಡುವಾಗ ಮೊದಲ ಜೋಡಿ ಎಲೆಯ ಹತ್ತಿರದ ತನಕ ಹೂತರೆ ಆಯ್ತು. ಮೆಣಸಿನಕಾಯಿಗೆ ಹೀಗೆ ಮಾಡೋದು ಬೇಡ.

ಇನ್ನು ಮೆಣಸಿನ ಬೀಜ. ಅದಕ್ಕೆ 25ರಿಂದ 30 ಡಿಗ್ರಿ ಬೆಚ್ಚಗೆ ಬೇಕು. ಜನವರಿ ರಾತ್ರಿ ನಿಮ್ಮ ಕಡೆ 15 ಡಿಗ್ರಿ ಹತ್ತಿರ ಇಳಿಯುತ್ತಲ್ಲ, ಮೂರು ವಾರ ಆದರೂ ಆಶ್ಚರ್ಯ ಇಲ್ಲ. ಒಂದು ಬೀಜ ಕೆದಕಿ ಒತ್ತಿ ನೋಡಿ. ಗಟ್ಟಿ ಇದ್ದರೆ ಕಾಯಿರಿ, ಕೀವಿನ ಥರ ಒಡೆದರೆ ಕೊಳೆತಿದೆ. ಮತ್ತೆ ಹಾಕೋದಾದರೆ ಟ್ರೇನ ಬಚ್ಚಲ ಹಂಡೆ ಒಲೆ ಪಕ್ಕದ ಗೋಡೆ ಬಳಿ ಇಡಿ, ಕೈಗೆ ಸುಖವಾಗಿ ಬೆಚ್ಚಗನ್ನಿಸೋ ಜಾಗ, ಅದಕ್ಕಿಂತ ಹತ್ತಿರ ಬೇಡ. ಮೊಳಕೆ ತಲೆ ಎತ್ತಿದ ದಿನವೇ ಬೆಳಕಿಗೆ ತರಬೇಕು.

ಅರಸೀಕೆರೆ_ತೆಂಗು:
ಒಂದು ಮಾತು ಕೇಳ್ತೀನಿ ಅಣ್ಣ, ಸಸಿ ಮನೆಯೊಳಗೆ ಯಾಕೆ? ಹಿಮ ಬೀಳೋ ದೇಶದವರು ಒಳಗೆ ಬೆಳೆಸ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ಆ ವಿಡಿಯೋ ನೋಡಿ ನಮ್ಮವರೂ ಲೈಟ್ ತರಿಸಿ ಕೂರ್ತಾರೆ. ನಿಮಗೆ ತಪ್ಪಿಸಬೇಕಾದದ್ದು ಮಧ್ಯಾಹ್ನದ ಬಿಸಿಲು ಮತ್ತೆ ಕೋಳಿ. ಪೂರ್ವದ ಸೂರಿನ ಕೆಳಗೆ ಮೇಜಿಟ್ಟು ಮೇಲೆ ಕೋಳಿ ಬಲೆ ಹೊದಿಸಿ, ಬೆಳಗಿನ ಬಿಸಿಲು ಬೀಳುತ್ತೆ, ಗಾಳಿನೂ ಆಡುತ್ತೆ. ಆದರೆ ಒಳಗಿದ್ದ ಸಸಿನ ಒಮ್ಮೆಗೇ ಬಿಸಿಲಿಗೆ ಇಡಬೇಡಿ, ಎಲೆ ಬಿಳಿಚಿಕೊಳ್ಳುತ್ತೆ. ಮೊದಲು ಒಂದೆರಡು ಗಂಟೆ, ಆಮೇಲೆ ಜಾಸ್ತಿ ಮಾಡ್ತಾ ಒಂದು ವಾರ ಪಳಗಿಸಿ.

ಮೂಡಿಗೆರೆ_ಹಿತ್ತಲು:
ಸೂರಿನ ಕೆಳಗೆ ಜಾಗ ಇದೆ. ಬೀನ್ಸ್, ಸೌತೆನೂ ಟ್ರೇಯಲ್ಲೇ ಹಾಕಲಾ? ಮೆಣಸಿನಕಾಯಿ ತಡ ಆದ್ರೆ ಮಳೆಗೆ ಸಿಕ್ಕಿಬೀಳಲ್ವಾ?

ಬೇಲೂರಿನವಳು:
ಬೀನ್ಸ್, ಬೆಂಡೆ, ಮೂಲಂಗಿ ನೇರ ಪಾತಿಗೇ. ಸೌತೆಗೆ ಬೇರು ಅಲುಗಿದರೆ ಆಗಲ್ಲ, ಅದನ್ನೂ ಗುಣಿಯಲ್ಲೇ ಊರಿ. ಟೊಮೆಟೊ ಸಸಿ 25–30 ದಿನಕ್ಕೆ ನೆಡೋಕೆ ಸಿಗುತ್ತೆ, ಫೆಬ್ರವರಿಯಲ್ಲಿ ನೆಟ್ಟರೆ ಜೂನ್ ಮಳೆಗೆ ಮೊದಲೇ ಹಣ್ಣು ಕೈಗೆ ಬರುತ್ತೆ. ಮೆಣಸಿನಕಾಯಿ ಸಸಿ 40–45 ದಿನ ತಗೊಳ್ಳುತ್ತೆ, ಅದಕ್ಕೇ ತಡವಾದದ್ದನ್ನ ಕುಂಡಕ್ಕೆ ಹಾಕಿ, ಮಳೆ ಶುರುವಾದಾಗ ಸೂರಿನ ಕೆಳಗೆ ಎಳೆದುಕೊಳ್ಳಿ. ಹಿಂದಿನ ವರ್ಷ ಬದನೆಯೋ ಆಲೂಗೆಡ್ಡೆಯೋ ಇದ್ದ ಪಾತಿಗೆ ಟೊಮೆಟೊ ಬೇಡ, ಸೊರಗು ರೋಗ ಮಣ್ಣಲ್ಲೇ ಉಳಿದಿರುತ್ತೆ. ಬೇರೆ ಜಾಗ ಇಲ್ಲ ಅಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಹಾಕಿ, ಅದು ಸೊರಗು, ಎಲೆ ಮುದುಡು, ಅಂಗಮಾರಿ ಮೂರನ್ನೂ ತಡೆಯುತ್ತೆ. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರಲ್ಲ.

ಕೋಕೋಪೀಟಲ್ಲಿ ಗೊಬ್ಬರ ಏನೂ ಇರಲ್ಲ. ಮೊದಲ ಜೋಡಿ ಎಲೆ ಆದ ಮೇಲೆ ಹಲ್ಲುಹಲ್ಲಿನ ಎಲೆ ಬಂತಲ್ಲ, ಆಗ ಒಂದು ಚಿಟಿಕೆ ಎರೆಗೊಬ್ಬರ ಉದುರಿಸಿ.

ಮೂಡಿಗೆರೆ_ಹಿತ್ತಲು:
ಮೆಣಸಿನ ಬೀಜ ಕೆದಕಿ ನೋಡಿದೆ, ಗಟ್ಟಿ ಇದೆ, ಒಂದರ ತುದಿಯಲ್ಲಿ ಬಿಳಿ ಬೇರು ಇಣುಕಿದೆ. ಟ್ರೇ ಬಚ್ಚಲಿಗೆ ಹೊರಟಿತು.