ಕಮ್ಯುನಿಟಿ ಕಾಲೇಜಿನಲ್ಲಿ ರಾತ್ರಿ ಕ್ಲಾಸು: ಒಪ್ಪಿಕೊಳ್ಳಲಾ, ಬೇಡವಾ?

ಪ್ಲೇನೋ ಮೈಸೂರು
ಎಲ್ಲರಿಗೂ ನಮಸ್ಕಾರ. ಅನುಭವ ಇದ್ದವರು ಸ್ವಲ್ಪ ದಾರಿ ತೋರಿಸಿ. ಮೈಸೂರಿನಲ್ಲಿ ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಅಮೆರಿಕಕ್ಕೆ ಬಂದ ಮೇಲೆ ಮಕ್ಕಳು ಚಿಕ್ಕವರು ಅಂತ ಮನೆಯಲ್ಲೇ ಉಳಿದೆ. ಈಗ ಎಚ್4 ಇಎಡಿ (ಎಚ್1ಬಿ ವೀಸಾದವರ ಗಂಡ/ಹೆಂಡತಿಗೆ ಸಿಗುವ ಕೆಲಸದ ಪರ್ಮಿಟ್) ಕೈಗೆ ಬಂದಿದೆ, ಚಿಕ್ಕವನೂ ಸ್ಕೂಲಿಗೆ ಹೋಗುತ್ತಿದ್ದಾನೆ. ಡಲ್ಲಾಸ್ ಸುತ್ತಮುತ್ತ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ (ಕಡಿಮೆ ಫೀಸಿನ ಎರಡು ವರ್ಷದ ಕಾಲೇಜು) ಅಡ್ಜಂಕ್ಟ್, ಅಂದರೆ ಪಾರ್ಟ್‌ಟೈಮ್ ಮೇಷ್ಟ್ರ ಕೆಲಸ ಸಿಗುವ ಹಾಗಿದೆ.

ಒಂದು ಮನೆಗೆ ಹತ್ತಿರ. ಆದರೆ ಕ್ಲಾಸು ರಾತ್ರಿ 7ರಿಂದ 9:45. ಹೇಗಿದೆ ನೋಡೋಣ ಅಂತ ಒಂದು ಸಂಜೆ ಹೋಗಿದ್ದೆ. ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಅರ್ಧ ದೀಪ ಉರಿಯುತ್ತಿರಲಿಲ್ಲ. ಬಾಗಿಲೆಲ್ಲ ತೆರೆದೇ ಇದ್ದವು. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ಒಬ್ಬರು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಇನ್ನೊಂದು ಕಾಲೇಜು 40 ನಿಮಿಷ ದೂರ. ಅಲ್ಲಿನ ಡಿಪಾರ್ಟ್‌ಮೆಂಟ್ ಮುಖ್ಯಸ್ಥರು ನಾನು ಕೇಳುವ ಮೊದಲೇ, "ರಾತ್ರಿ ಕ್ಲಾಸ್ ಮುಗಿದ ಮೇಲೆ ಒಂದು ಫೋನ್ ಮಾಡಿ, ಕ್ಯಾಂಪಸ್ ಪೊಲೀಸ್ ನಿಮ್ಮ ಕಾರಿನ ತನಕ ಜೊತೆಗೆ ಬರುತ್ತಾರೆ" ಅಂದರು. ದುಡ್ಡು ಎರಡೂ ಕಡೆ ಹೆಚ್ಚೂಕಡಿಮೆ ಒಂದೇ.

ಮನೆಯವರು "ಇದೆಲ್ಲ ಯಾಕೆ, ಸುಮ್ನೆ ಆನ್‌ಲೈನ್ ಟ್ಯೂಷನ್ ಮಾಡು" ಅನ್ನುತ್ತಾರೆ. ಊರಲ್ಲಿ ಅತ್ತೆ ಟೀವಿಯಲ್ಲಿ ಇಲ್ಲಿನ ಗುಂಡಿನ ಸುದ್ದಿ ನೋಡಿ ದಿನಾ ಫೋನ್ ಮಾಡುತ್ತಾರೆ. ನನ್ನ ಪ್ರಶ್ನೆ ಎರಡೇ. ಕಾಲೇಜು ಸೇಫ್ ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಇಂಟರ್ವ್ಯೂನಲ್ಲಿ ಇದನ್ನು ಕೇಳಿದರೆ ತಪ್ಪು ತಿಳಿಯುತ್ತಾರಾ?

ಫ್ರಿಸ್ಕೋ ಅಮ್ಮ
ಮೊದಲು ಕಂಗ್ರಾಟ್ಸ್! ಆದರೆ ರಾತ್ರಿ 10ರ ತನಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಊಟ, ಹೋಮ್‌ವರ್ಕ್, ಮಲಗಿಸೋದು? ನಾನಂತೂ ದೊಡ್ಡವಳು ಮಿಡಲ್ ಸ್ಕೂಲಿಗೆ ಬರುವ ತನಕ ಕಾದೆ. ಅಂದ ಹಾಗೆ, ನಮ್ಮ ಚಿಕ್ಕವಳು ಮೊನ್ನೆ ಊಟಕ್ಕೆ ಕೂತಾಗ, "ಅಮ್ಮಾ, ಇವತ್ತು ಲಾಕ್‌ಡೌನ್ ಡ್ರಿಲ್ ಇತ್ತು, ಕೆಮ್ಮು ಬಂದರೂ ನಾನು ಕೆಮ್ಮಲೇ ಇಲ್ಲ" ಅಂತ ಹೆಮ್ಮೆಯಿಂದ ಹೇಳಿದಳು. ಬಂದೂಕು ಹಿಡಿದವರು ನುಗ್ಗಿದರೆ ಬಾಗಿಲು ಹಾಕಿ ಸದ್ದಿಲ್ಲದೆ ಅಡಗಿ ಕೂರುವ ಅಭ್ಯಾಸ ಅದು. ತುತ್ತು ಗಂಟಲಲ್ಲಿ ಇಳಿಯಲಿಲ್ಲ ನನಗೆ. ಸ್ಕೂಲೇ ಹೀಗಿರುವಾಗ ಕಾಲೇಜಿಗೆ ಏನು ಗ್ಯಾರಂಟಿ?

ಕೂಪರ್ಟಿನೋ ಮಾವ
ಹೆದರಬೇಡ ತಾಯಿ. ನಾವು 1997ರಲ್ಲಿ ಬಂದವರು, ಎಲ್ಲ ನೋಡಿದ್ದೇವೆ. 2001ರ ಜನವರಿಯಲ್ಲಿ ನಮ್ಮ ಡಿ ಆನ್ಜಾ ಕಮ್ಯುನಿಟಿ ಕಾಲೇಜಿನ ಮೇಲೆ ದಾಳಿ ಮಾಡಲು ಅಲ್ಲಿನ ವಿದ್ಯಾರ್ಥಿಯೊಬ್ಬ ಬಂದೂಕು, ಬಾಂಬು ಎಲ್ಲ ಕೂಡಿಟ್ಟಿದ್ದ. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಅವುಗಳ ಜೊತೆ ತಾನೇ ಫೋಟೋ ತೆಗೆದುಕೊಂಡು, ರೋಲನ್ನು ಪ್ರಿಂಟ್ ಹಾಕಿಸಲು ಸ್ಯಾನ್ ಹೋಸೆಯ ಅಂಗಡಿಗೆ ಕೊಟ್ಟಿದ್ದ. ಕೌಂಟರಿನಲ್ಲಿದ್ದ ಹುಡುಗಿಗೆ ಅನುಮಾನ ಬಂತು, ಪೊಲೀಸರಿಗೆ ತಿಳಿಸಿದಳು. ಕಾಲೇಜು ಖಾಲಿ ಮಾಡಿಸಿ ಹುಡುಕಿದರು. ಒಬ್ಬರಿಗೂ ಏನೂ ಆಗಲಿಲ್ಲ. ಅದಾದ ಮೇಲೆ ಆ ಕಾಲೇಜಿಗೆ ಮೇಷ್ಟ್ರುಗಳು ಬರಲಿಲ್ವಾ? ಬಂದರು.

ನಮ್ಮ ಮಗ ಅಲ್ಲೇ ಎರಡು ವರ್ಷ ಓದಿ ಬರ್ಕ್ಲಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ತೆಗೆದುಕೊಂಡ. ಫೀಸು ಎಷ್ಟು ಉಳಿಯಿತು ಅಂತೀರಿ! ಕಮ್ಯುನಿಟಿ ಕಾಲೇಜು ಅಂದರೆ ನಮ್ಮವರೇ ಮೂಗು ಮುರಿಯುತ್ತಾರೆ. ಆದರೆ ಒಂದು ಮಾತು, ಅಡ್ಜಂಕ್ಟ್ ಕೆಲಸದಲ್ಲಿ ದುಡ್ಡಿಲ್ಲ. ಡೇಟಾ ಸೈನ್ಸ್ ಕೋರ್ಸ್ ಒಂದು ಮಾಡಿಕೊಂಡುಬಿಡು.

ಹ್ಯೂಸ್ಟನ್ ಗೌಡ
ಇಷ್ಟೆಲ್ಲ ಚರ್ಚೆ ಯಾಕೆ? ನೀವಿರುವುದು ಟೆಕ್ಸಾಸಿನಲ್ಲಿ. 2017ರ ಆಗಸ್ಟ್ 1ರಿಂದ ಕಮ್ಯುನಿಟಿ ಕಾಲೇಜಿನೊಳಗೂ ಲೈಸೆನ್ಸ್ ಇದ್ದವರು ಗನ್ ಇಟ್ಟುಕೊಳ್ಳಬಹುದು. ಲೈಸೆನ್ಸ್ ಮಾಡಿಸಿ, ಶೂಟಿಂಗ್ ರೇಂಜಿಗೆ ಹೋಗಿ ಕಲಿಯಿರಿ, ಪರ್ಸಿನಲ್ಲಿ ಇಟ್ಟುಕೊಳ್ಳಿ. ಆರೆಗನ್ನಿನ ಅಂಪ್‌ಕ್ವಾ ಕಮ್ಯುನಿಟಿ ಕಾಲೇಜಿನಲ್ಲಿ 2015ರಲ್ಲಿ ಏನಾಯಿತು? ಗುಂಡಿನ ದಾಳಿಯಲ್ಲಿ ಒಬ್ಬ ಮೇಷ್ಟ್ರೂ ಸೇರಿ 9 ಜನ ಸತ್ತರು. ಅವತ್ತು ಡ್ಯೂಟಿಯಲ್ಲಿದ್ದ ಸೆಕ್ಯುರಿಟಿಯವನ ಕೈಯಲ್ಲಿ ಗನ್ನೇ ಇರಲಿಲ್ಲ. ಗನ್ ಇದ್ದ ಕಡೆ ಕಳ್ಳನೂ ಬರುವುದಿಲ್ಲ, ಹುಚ್ಚನೂ ಬರುವುದಿಲ್ಲ. ಕಾಲೇಜುಗಳು ಇದನ್ನೇ ಜಾಹೀರಾತಿನಲ್ಲಿ ಹಾಕಿದರೆ ಮೇಷ್ಟ್ರುಗಳು ಕ್ಯೂ ನಿಲ್ಲುತ್ತಾರೆ.

ಆಸ್ಟಿನ್ ಮೇಷ್ಟ್ರು
ಗೌಡ್ರೇ, ಕ್ಯೂ ನಿಂತದ್ದು ಹೊರಗೆ ಹೋಗುವುದಕ್ಕೆ. ಆ ಕಾನೂನು 2015ರಲ್ಲಿ ಪಾಸಾದಾಗ ಇಲ್ಲಿನ ಯೂನಿವರ್ಸಿಟಿಯಲ್ಲಿ ದೊಡ್ಡ ಎಕನಾಮಿಕ್ಸ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದ ಡೇನಿಯಲ್ ಹ್ಯಾಮರ್‌ಮೆಶ್ ಇನ್ನು ನಾನು ಬರುವುದಿಲ್ಲ ಅಂತ ಪತ್ರ ಬರೆದರು. ಆರ್ಕಿಟೆಕ್ಚರ್ ಡೀನ್ ಫ್ರೆಡರಿಕ್ ಸ್ಟೈನರ್ ಪೆನ್ಸಿಲ್ವೇನಿಯಾಕ್ಕೆ ಹೋದರು, ಅದಕ್ಕೆ ಇದೂ ಒಂದು ಕಾರಣ ಅಂದರು. ನಿಮ್ಮ ಹ್ಯೂಸ್ಟನ್ ಯೂನಿವರ್ಸಿಟಿಯಲ್ಲೇ 2016ರಲ್ಲಿ ಮೇಷ್ಟ್ರುಗಳ ಸಭೆಯಲ್ಲಿ ತೋರಿಸಿದ ಸ್ಲೈಡ್ ನೆನಪಿದೆಯಾ? ಸೂಕ್ಷ್ಮ ವಿಷಯ ಮಾತಾಡುವಾಗ ಹುಷಾರು, ಕೆಲವು ವಿಷಯ ಪಾಠದಿಂದಲೇ ಕೈಬಿಡಿ ಅಂತಿತ್ತು. ಫೇಲ್ ಮಾರ್ಕ್ಸ್ ಕೊಡುವಾಗ ಎದುರಿಗಿರುವ ಹುಡುಗನ ಬ್ಯಾಗಿನಲ್ಲಿ ಏನಿದೆಯೋ ಅನ್ನುವ ಯೋಚನೆ ಬಂದರೆ ಪಾಠ ಮಾಡುವುದು ಹೇಗೆ?

ಶಿರಸಿ ಟು ಫೀನಿಕ್ಸ್
ಪ್ಲೇನೋ ಮೇಡಂ, ನಾನು ಇಲ್ಲಿ ಕಮ್ಯುನಿಟಿ ಕಾಲೇಜಿನಲ್ಲೇ ಪಾಠ ಮಾಡುವವಳು. ಮೇಷ್ಟ್ರುಗಳನ್ನು ಆರಿಸುವ ಕಮಿಟಿಯಲ್ಲೂ ಕೂರುತ್ತೇನೆ. ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಇದೆ.

ಫೆಡರಲ್ ಸಹಾಯಧನ ಪಡೆಯುವ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರೊಳಗೆ, ಸೆಕ್ಯುರಿಟಿ ರಿಪೋರ್ಟ್ ಹೊರತರಬೇಕು. ಇದು ಕ್ಲೆರಿ ಆಕ್ಟ್. 1986ರಲ್ಲಿ ಲೀಹೈ ಯೂನಿವರ್ಸಿಟಿಯ ಹಾಸ್ಟೆಲ್ ರೂಮಿನಲ್ಲಿ ಜೀನ್ ಕ್ಲೆರಿ ಅನ್ನುವ ವಿದ್ಯಾರ್ಥಿನಿಯ ಕೊಲೆ ಆಯಿತು. ಅವಳ ಅಪ್ಪ ಅಮ್ಮ ಹೋರಾಡಿ 1990ರಲ್ಲಿ ಬಂದ ಕಾನೂನು ಇದು. ಕಾಲೇಜಿನ ಹೆಸರಿನ ಜೊತೆ 'ಆನ್ಯುಯಲ್ ಸೆಕ್ಯುರಿಟಿ ರಿಪೋರ್ಟ್' ಅಂತ ಹುಡುಕಿ. ಹಿಂದಿನ 3 ವರ್ಷದ ಲೆಕ್ಕ ಇರುತ್ತದೆ. ಕ್ಯಾಂಪಸ್ಸಿನ ಸೆಕ್ಯುರಿಟಿಯವರಿಗೆ ಅರೆಸ್ಟ್ ಮಾಡುವ ಅಧಿಕಾರ ಇದೆಯಾ ಇಲ್ವಾ ಅಂತಲೂ ಅದರಲ್ಲೇ ಬರೆದಿರಬೇಕು. ಟೆಕ್ಸಾಸಿನಲ್ಲಿ ಕೆಲವು ಕಮ್ಯುನಿಟಿ ಕಾಲೇಜುಗಳಿಗೆ ಸ್ವಂತ ಪೊಲೀಸ್ ಇಲಾಖೆಯೇ ಇದೆ, ಕೆಲವು ಕಡೆ ಬರೀ ಗಾರ್ಡು. ವ್ಯತ್ಯಾಸ ದೊಡ್ಡದು.

ಆದರೆ ಸೊನ್ನೆ ಸೊನ್ನೆ ಅಂತ ಇದ್ದರೆ ಕುಣಿಯಬೇಡಿ. ಹಾಸ್ಟೆಲ್ ಇಲ್ಲದ ಕಾಲೇಜಿನಲ್ಲಿ ಅಂಕಿ ಹೇಗೂ ಕಡಿಮೆ. ಕಾರಿನಿಂದ ಬ್ಯಾಗ್ ಎತ್ತಿಕೊಂಡು ಹೋದಂಥ ಸಣ್ಣ ಕಳವು ಆ ಲೆಕ್ಕಕ್ಕೆ ಬರುವುದೇ ಇಲ್ಲ, ಕಾರೇ ಕಳುವಾದರೆ ಮಾತ್ರ ಬರುತ್ತದೆ. ಅದಕ್ಕೆ ಡೈಲಿ ಕ್ರೈಮ್ ಲಾಗ್ (ದಿನದಿನದ ಅಪರಾಧಗಳ ದಾಖಲೆ) ಕೇಳಿ. ಕಳೆದ 60 ದಿನದ್ದನ್ನು ಆಫೀಸ್ ವೇಳೆಯಲ್ಲಿ ಯಾರು ಕೇಳಿದರೂ ತೋರಿಸಬೇಕು. ಪಾರ್ಕಿಂಗ್ ಲಾಟಿನ ನಿಜವಾದ ಕತೆ ಅಲ್ಲಿರುತ್ತದೆ.

ಹ್ಯೂಸ್ಟನ್ ಗೌಡ
@ಆಸ್ಟಿನ್ ಮೇಷ್ಟ್ರು, ಹೋದವರು ಇಬ್ಬರು ಮೂವರು ದೊಡ್ಡ ಮನುಷ್ಯರು. ಅವರಿಗೆ ಎಲ್ಲಿ ಹೋದರೂ ಕುರ್ಚಿ ಸಿಗುತ್ತದೆ. ಉಳಿದವರೆಲ್ಲ ಇಲ್ಲೇ ಇದ್ದಾರೆ. ಕ್ಲಾಸಿನಲ್ಲಿ ಒಬ್ಬನ ಹತ್ತಿರ ಗನ್ ಇದ್ದರೂ ಸಾಕು ಅನ್ನುವುದು ನನ್ನ ವಾದ. ರಿಪೋರ್ಟ್ ಓದುತ್ತಾ ಕೂತರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಸ್ಟಿನ್ ಮೇಷ್ಟ್ರು
ನೀವೇ ಹೇಳಿದ ಅಂಪ್‌ಕ್ವಾದಲ್ಲಿ ಅವತ್ತು ಗನ್ ಇದ್ದ ವಿದ್ಯಾರ್ಥಿಯೂ ಇದ್ದ, ಮಿಲಿಟರಿಯಿಂದ ಬಂದವನು. ಹೊರಗೆ ಬಂದರೆ ಪೊಲೀಸರು ತನ್ನನ್ನೇ ಹಂತಕ ಅಂದುಕೊಳ್ಳಬಹುದು ಅಂತ ಸುಮ್ಮನೆ ಇದ್ದೆ ಅಂತ ಆಮೇಲೆ ಅವನೇ ಹೇಳಿದ. ಇನ್ನೊಂದು, ಈಕೆ ಎಚ್4ನಲ್ಲಿದ್ದಾರೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ನಿಮ್ಮ ಸಲಹೆ ಕೇಳಿದರೆ ಗ್ರೀನ್ ಕಾರ್ಡ್ ಗತಿ?

ಹ್ಯೂಸ್ಟನ್ ಗೌಡ
ಸರಿ, ಗ್ರೀನ್ ಕಾರ್ಡ್ ಬಂದ ಮೇಲೆ ಮಾಡಿಸಲಿ. ನನ್ನ ವಾದದಲ್ಲಿ ಏನೂ ಬದಲಾವಣೆ ಇಲ್ಲ.

ಫ್ರಿಸ್ಕೋ ಅಮ್ಮ
ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಆಕೆಗೆ ರಿಟೈರ್‌ಮೆಂಟ್ ಆಗಿರುತ್ತೆ ಗೌಡ್ರೇ 😄

ಎಡಿಸನ್ ಧಾರವಾಡ
ಅಲ್ರೀ, ನಮ್ಮ ಕಡೆ ಕಾಲೇಜಿಗೆ ಗೇಟು, ಗೇಟಿಗೊಬ್ಬ ವಾಚ್‌ಮನ್. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಬಂದರೆ ಪಿನ್ ಡ್ರಾಪ್ ಸೈಲೆನ್ಸು. ನಾನು ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಸಂಬಳ ಕಡಿಮೆ ಇತ್ತು, ಆದರೆ ಹುಡುಗರು ಇವತ್ತಿಗೂ ಶಿಕ್ಷಕರ ದಿನಕ್ಕೆ ಮೆಸೇಜ್ ಹಾಕುತ್ತಾರೆ. ಇಲ್ಲಿ ಬಂದು ಬ್ಯಾಂಕಿನಲ್ಲಿ ಕೂತೆ. ಎಷ್ಟು ವರ್ಷ ಆದರೂ ಬೋರ್ಡು, ಚಾಕ್‌ಪೀಸು ಕನಸಿನಲ್ಲಿ ಬರುತ್ತವೆ. ಮಕ್ಕಳನ್ನು ಕರೆದುಕೊಂಡು ವಾಪಸ್ ಹೋಗುವ ಯೋಚನೆ ಯಾರೂ ಯಾಕೆ ಮಾಡುವುದಿಲ್ಲ?

ಕೂಪರ್ಟಿನೋ ಮಾವ
ವಾಪಸ್ ಹೋದವರು ಏನು ಮಾಡುತ್ತಿದ್ದಾರೆ ಸ್ವಲ್ಪ ವಿಚಾರಿಸಿ. ಊರಲ್ಲಿ ಅತಿಥಿ ಉಪನ್ಯಾಸಕರ ಪಾಡು ಗೊತ್ತಿಲ್ವಾ? ವರ್ಷಾ ವರ್ಷ ಮುಷ್ಕರ. ಇಲ್ಲಿನ ಅಡ್ಜಂಕ್ಟೂ ಅದೇ ಜಾತಿ. ಅದಕ್ಕೇ ಡೇಟಾ ಸೈನ್ಸ್ ಅಂದದ್ದು.

ಪ್ಲೇನೋ ಮೈಸೂರು
ಎಲ್ಲರಿಗೂ ಥ್ಯಾಂಕ್ಸ್. ಗನ್ ವಿಷಯ ಕೈಬಿಡೋಣ, ಪ್ಲೀಸ್. ವಾಪಸ್ ಹೋಗುವ ಯೋಚನೆಯೂ ಸದ್ಯಕ್ಕಿಲ್ಲ. ಶಿರಸಿ ಮೇಡಂ, ಇಂಟರ್ವ್ಯೂನಲ್ಲಿ ಕೇಳಬಹುದಾ ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ. "ಹೆದರುಪುಕ್ಕಲಿ, ಇವಳಿಗೆ ರಾತ್ರಿ ಕ್ಲಾಸ್ ಆಗಲ್ಲ" ಅಂತ ಬಿಟ್ಟುಬಿಟ್ಟರೆ?

ಶಿರಸಿ ಟು ಫೀನಿಕ್ಸ್
ಕೇಳಿ. ಧೈರ್ಯವಾಗಿ ಕೇಳಿ. ಕಮಿಟಿಯಲ್ಲಿ ಕೂತವಳಾಗಿ ಹೇಳುತ್ತೇನೆ, ಈ ಪ್ರಶ್ನೆ ಕೇಳಿದ್ದಕ್ಕೆ ನಾವು ಯಾರನ್ನೂ ಬಿಟ್ಟಿಲ್ಲ. ತಲೆನೋವು ನಮ್ಮದು, ನಿಮ್ಮದಲ್ಲ. ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ನಿಮ್ಮಂಥ ಪಾರ್ಟ್‌ಟೈಮಿನವರೇ. ಹಗಲು ಕೆಲಸ ಮಾಡುವ ವಿದ್ಯಾರ್ಥಿಗಳು ಬರುವುದು ಸಂಜೆ ಕ್ಲಾಸಿಗೆ, ಅದಕ್ಕೇ ಮೇಷ್ಟ್ರು ಸಿಗುವುದು ಕಷ್ಟ. ಪಕ್ಕದ ಊರಿನ ಕಾಲೇಜೂ ಅಷ್ಟೇ ದುಡ್ಡು ಕೊಡುತ್ತದೆ. ಅಡ್ಜಂಕ್ಟ್‌ಗೆ ಆಫೀಸ್ ಇಲ್ಲ, ಎಷ್ಟೋ ಕಡೆ ಇನ್ಶೂರೆನ್ಸ್ ಇಲ್ಲ. ಹಾಗಿರುವಾಗ ನಮ್ಮ ಕಾಲೇಜಿಗೇ ಬನ್ನಿ ಅನ್ನಲು ನಮ್ಮ ಹತ್ತಿರ ಏನಿದೆ? ದೀಪ ಇರುವ ಪಾರ್ಕಿಂಗು, ಕರೆದರೆ ಬರುವ ಮನುಷ್ಯ.

ನಮ್ಮಲ್ಲೇ ರಾತ್ರಿ ಲ್ಯಾಬಿಗೆ ಬಂದವರು ಒಂದು ಸೆಮಿಸ್ಟರ್ ಮಾಡಿ ಬಿಡುತ್ತಿದ್ದರು. ಕಾರಣ ಕೇಳಿದರೆ ಟ್ರಾಫಿಕ್ಕು, ಮಕ್ಕಳು ಅಂತ ಏನೋ ಹೇಳುವುದು. ಕೊನೆಗೆ ಒಬ್ಬಾಕೆ ಬಾಯಿಬಿಟ್ಟರು. ಲ್ಯಾಬು ಕ್ಯಾಂಪಸ್ಸಿನ ಒಂದು ಮೂಲೆ, ಕಾರು ಇನ್ನೊಂದು ಮೂಲೆ, ನಡುವೆ ಪೊದೆ. ಆಮೇಲೆ ರಾತ್ರಿ ಕ್ಲಾಸುಗಳನ್ನೆಲ್ಲ ಒಂದೇ ಕಟ್ಟಡಕ್ಕೆ ತಂದರು. ಕೊನೇ ಕ್ಲಾಸ್ ಮುಗಿಯುವ ತನಕ ಕೆಳಗೆ ಒಬ್ಬ ಸೂಪರ್‌ವೈಸರ್ ಕೂರುತ್ತಾರೆ. ಪೊದೆ ಕಡಿಸಿದರು. ಕ್ಯಾಮೆರಾ, ಮೆಟಲ್ ಡಿಟೆಕ್ಟರ್ ಏನೂ ಹಾಕಲಿಲ್ಲ. ಈಗ ಅದೇ ಲ್ಯಾಬಿಗೆ ಹಳಬರೇ ಸೆಮಿಸ್ಟರ್ ಸೆಮಿಸ್ಟರ್ ಬರುತ್ತಿದ್ದಾರೆ.

ನೀವು ಕೇಳಬೇಕಾದ್ದು ಇಷ್ಟು. ಕ್ಲಾಸ್‌ರೂಮಿನ ಬಾಗಿಲು ಒಳಗಿನಿಂದ ಲಾಕ್ ಆಗುತ್ತಾ? ರಾತ್ರಿ 9ರ ಮೇಲೆ ಕಟ್ಟಡದಲ್ಲಿ ಯಾರಿರುತ್ತಾರೆ? ಕಾರಿನ ತನಕ ಬರುವವರು ಫೋನ್ ಮಾಡಿದ ಎಷ್ಟು ಹೊತ್ತಿಗೆ ಬರುತ್ತಾರೆ? ವಿದ್ಯಾರ್ಥಿಯ ವರ್ತನೆ ಹೆದರಿಸುವ ಹಾಗಿದ್ದರೆ ಯಾರಿಗೆ ತಿಳಿಸಬೇಕು? ಮುಖ್ಯವಾಗಿ, ಎಮರ್ಜೆನ್ಸಿ ಮೆಸೇಜ್ ಪಟ್ಟಿಯಲ್ಲಿ ಅಡ್ಜಂಕ್ಟ್ ಹೆಸರು ಮೊದಲ ದಿನದಿಂದಲೇ ಇರುತ್ತಾ? 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಗುಂಡಿನ ದಾಳಿಗೆ 32 ಜನ ಸತ್ತರಲ್ಲ, ನಮ್ಮ ದೇಶದ ಪ್ರೊಫೆಸರ್ ಲೋಗನಾಥನ್ ಕೂಡ ಕ್ಲಾಸ್ ತೆಗೆದುಕೊಳ್ಳುತ್ತಿರುವಾಗಲೇ ಹೋದರು. ಮರುವರ್ಷ ಕಾನೂನು ತಿದ್ದಿ, ಅಪಾಯ ಖಚಿತವಾದ ಕೂಡಲೇ ಕ್ಯಾಂಪಸ್ಸಿಗೆಲ್ಲ ಸುದ್ದಿ ಮುಟ್ಟಿಸಬೇಕು ಅಂತ ಮಾಡಿದರು. ಆದರೂ ನಾನು ಮೊದಲು ಕೆಲಸ ಮಾಡಿದ ಕಾಲೇಜೊಂದರಲ್ಲಿ ಲಾಕ್‌ಡೌನ್ ಆದ ಸುದ್ದಿ ನನಗೆ ತಿಳಿದದ್ದು ಎದುರು ಬೆಂಚಿನ ಹುಡುಗನ ಫೋನಿನಿಂದ. ನನ್ನ ನಂಬರನ್ನು ಪಟ್ಟಿಗೆ ಹಾಕಿರಲೇ ಇಲ್ಲ.

ಹ್ಯೂಸ್ಟನ್ ಗೌಡ
ಪೊದೆ ಕಡಿಸಿದರೆ ಸೇಫ್ಟಿ ಬರುತ್ತಾ? ತಮಾಷೆ.

ಪ್ಲೇನೋ ಮೈಸೂರು
ಬರುತ್ತೆ ಅನ್ನಿಸುತ್ತೆ ಸರ್ 🙂 ಹತ್ತಿರದ ಕಾಲೇಜಿಗೆ ಶಿರಸಿ ಮೇಡಂ ಹೇಳಿದ ಪ್ರಶ್ನೆಗಳನ್ನೆಲ್ಲ ಮೇಲ್ ಮಾಡಿದೆ. ಇನ್ನೂ ಉತ್ತರ ಬಂದಿಲ್ಲ. ದೂರದವರು ಅದೇ ದಿನ ಫೋನ್ ಮಾಡಿದರು. ರಾತ್ರಿ ಬೇಡವಾದರೆ ಶನಿವಾರ ಬೆಳಗಿನ ಸೆಕ್ಷನ್ ಒಂದಿದೆ ಅಂದರು. ಅದಕ್ಕೆ ಹೂಂ ಅನ್ನೋಣ ಅಂತಿದ್ದೇನೆ.

ಫ್ರಿಸ್ಕೋ ಅಮ್ಮ
ಅಯ್ಯೋ, ಶನಿವಾರ ಬೆಳಿಗ್ಗೆ ಮಕ್ಕಳ ಕನ್ನಡ ಕ್ಲಾಸ್ ಇದೆಯಲ್ಲ! ತಪ್ಪಿಸಬೇಡಿ. ನಾನು ಹೇಗೂ ನಮ್ಮವಳನ್ನು ಕರೆದುಕೊಂಡು ಹೋಗುತ್ತೇನೆ, ವ್ಯಾನಿನಲ್ಲಿ ಎರಡು ಸೀಟು ಖಾಲಿ. ಚಿಕ್ಕವನಿಗೆ ಬೂಸ್ಟರ್ ಸೀಟ್ ಮಾತ್ರ ನೀವು ಕಳಿಸಬೇಕು. ಮನೆ ಯಾವ ಕಡೆ ಅಂತ ಮೆಸೇಜ್ ಹಾಕಿ.